ಮುನಿತಾಯಮ್ಮನ ತಿಪ್ಪೆಯಲ್ಲಿ ಎರಡು ತೊಟ್ಟಿ

ಮೊನ್ನೆ ಭಾನುವಾರ ಬೆಳಿಗ್ಗೆ ಹನುಮಂತನನ್ನು ಹಿಂದೆ ಕೂರಿಸಿಕೊಂಡು ನಮ್ಮ ಬಡಾವಣೆಯ ಅಡ್ಡರಸ್ತೆಗಳಲ್ಲಿ ನಿಧಾನವಾಗಿ ಸ್ಕೂಟರ್ ಓಡಿಸುತ್ತಿದ್ದೆ. ಹನುಮಂತ ನಮ್ಮ ಆಫೀಸಿಗೆ ಹೊಸದಾಗಿ ಸೇರಿರುವ ಹುಡುಗ, ಸಿಂಧನೂರಿನ ಕಡೆಯವನು. ಮಾರತ್ತಹಳ್ಳಿಯಲ್ಲಿ ಐದಾರು ಜನ ಸೇರಿ ಹಿಡಿದ ಒಂದು ಕೋಣೆಯಲ್ಲಿದ್ದಾನೆ. ಊರಿನಿಂದ ಅವ್ವನನ್ನು ಕರೆಸಿಕೊಳ್ಳಬೇಕು, ಒಂದು ಪುಟ್ಟ ಬಾಡಿಗೆ ಮನೆ ನೋಡಿಕೊಡಿ ಎಂದು ದಿನಾ ಕೇಳುತ್ತಿದ್ದ. ಕಲ್ಯಾಣ ನಗರ ದಾಟಿ ಕೆ.ಆರ್. ಪುರದ ಕಡೆ ತಿರುಗಿದರೆ ಸಾಕು, ಅಲ್ಲಿ ಪ್ರತಿ ಗೇಟಿನವರೂ ನನಗೆ ಗೊತ್ತು ಎಂದು ಆಫೀಸಿನಲ್ಲಿ ನಾನು ಸ್ವಲ್ಪ ಜಂಬ ಕೊಚ್ಚಿಕೊಂಡಿದ್ದೆ. ಅದನ್ನು ಈಗ ರುಜುವಾತು ಮಾಡಬೇಕಾಗಿತ್ತು.

ಒಂದು ತಿರುವಿನಲ್ಲಿ ಯಾರೋ ಕಾಂಪೌಂಡಿನ ಮೇಲಿನ ಕುಂಡಗಳಿಗೆ ಗೊಬ್ಬರ ಹಾಕಿ ನೀರು ಚಿಮುಕಿಸಿದ್ದರು. ಚೆನ್ನಾಗಿ ಕಳಿತ, ಹುಳಿಯಿಲ್ಲದ, ಉತ್ತ ಹೊಲಕ್ಕೆ ಮೊದಲ ಮಳೆ ಬಿದ್ದಂಥ ವಾಸನೆ. ನನಗೆ ಗೊತ್ತಿಲ್ಲದೆಯೇ ಬ್ರೇಕ್ ಒತ್ತಿದ್ದೆ.

"ಯಾಕ್ರೀ ಅಣ್ಣಾ, ಮನಿ ಬಂತೇನ್ರೀ?" ಎಂದ ಹನುಮಂತ.

"ಇಲ್ಲ, ವಾಸನೆ ಬಂತು" ಅಂದೆ.

ಅವನು "ಹೂಂ ರೀ" ಅಂದ. ಹೊಸ ಕೆಲಸ, ಹಿರಿಯ ಸಹೋದ್ಯೋಗಿ, ಸಹಿಸಿಕೊಳ್ಳಬೇಕು ಎಂದುಕೊಂಡಿರಬೇಕು.

ನಿಮಗೂ ವಿಚಿತ್ರವೆನ್ನಿಸಬಹುದು. ಆದರೆ ಕಾಲೇಜಿನಲ್ಲಿ ಓದುತ್ತಿದ್ದಾಗ ಎರಡು ವರ್ಷ ನಾನು ಈ ವಾಸನೆಯನ್ನು ತಯಾರಿಸುವ ಒಂದು ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಅದರ ಪೂರ್ತಿ ಹೆಸರು 'ಬಡಾವಣೆ ನೈರ್ಮಲ್ಯ ಸ್ವಯಂಸೇವಕರ ಸಮಿತಿ'. ಜನರ ಬಾಯಲ್ಲಿ 'ಕಸ ಸಮಿತಿ'. ನಾನು ಕಾರ್ಯದರ್ಶಿಯಾಗಲು ಇದ್ದ ಅರ್ಹತೆ ಒಂದೇ: ಪ್ರತಿ ದಿನ ಬರೆಯುವ ಚಟ. ಹಾಲಿನವನು ಯಾವತ್ತು ತಡ ಮಾಡಿದ, ಕರೆಂಟು ಎಷ್ಟು ಹೊತ್ತು ಹೋಗಿತ್ತು, ನಲ್ಲಿಯಲ್ಲಿ ನೀರು ಎಷ್ಟು ಬಿಂದಿಗೆ ಬಂತು, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತಿದ್ದೆ. ಮನೆಯಲ್ಲಿ ಇದನ್ನು ಕಾಯಿಲೆ ಅನ್ನುತ್ತಿದ್ದರು. ಆದರೆ ಇಂಥ ಹುಡುಗರನ್ನು ಕಂಡರೆ ಸಮಿತಿಗಳಿಗೆ ಬಾಯಲ್ಲಿ ನೀರೂರುತ್ತದೆ.

ಸಮಿತಿ ಹುಟ್ಟಿದ್ದು ಒಂದು ಮೂಲೆಯಿಂದ. ಬಸ್ ನಿಲ್ಲುವ ಜಾಗದ ಪಕ್ಕದಲ್ಲಿ ಒಂದು ಸಿಮೆಂಟಿನ ತೊಟ್ಟಿಯಿತ್ತು. ಕಸವೆಲ್ಲ ಅದರ ಸುತ್ತ ಇರುತ್ತಿತ್ತು, ತೊಟ್ಟಿಯೊಳಗೆ ಮಾತ್ರ ನಾಯಿಗಳು ಮಲಗಿರುತ್ತಿದ್ದವು. ಲಾರಿ ವಾರಕ್ಕೊಮ್ಮೆ ಬಂದರೆ ಬಂತು. ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ನಿವೃತ್ತರಾಗಿ ಬಂದಿದ್ದ ವೆಂಕೋಬರಾಯರು ಒಂದು ದಿನ ಬಸ್ಸಿಗೆ ಕಾಯುತ್ತ ಅಲ್ಲಿ ಜಾರಿ ಬಿದ್ದರು. ಬಿದ್ದವರು ಎದ್ದು ಮನೆಗೆ ಹೋಗಿ ಪಂಚೆ ಬದಲಿಸಿ, ಅದೇ ಸಂಜೆ ತಮ್ಮ ವರಾಂಡದಲ್ಲಿ ಬೀದಿಯವರನ್ನೆಲ್ಲ ಸೇರಿಸಿದರು. ಇಂಥ ಹಟ ಎಲ್ಲರಿಗೂ ಬರುವುದಿಲ್ಲ, ಅದನ್ನು ಈಗಲೂ ಒಪ್ಪುತ್ತೇನೆ. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡುವುದು. ಒಣದ್ದನ್ನು ಶಿವಾಜಿನಗರದ ಗುಜರಿಗೆ ಕಳಿಸುವುದು. ಹಸಿಯದನ್ನು ಇಲ್ಲೇ ಗೊಬ್ಬರ ಮಾಡುವುದು. ಆಗ ಅದನ್ನೆಲ್ಲ ಮಾಡುತ್ತಿದ್ದ ಬಡಾವಣೆಗಳು ತೀರಾ ಕಡಿಮೆ. ಗೊಬ್ಬರ ಮಾಡಲು ಜಾಗ ಬೇಕಲ್ಲ? ಅದಕ್ಕಾಗಿ ನಾವು ನಾಲ್ಕು ಜನ ಒಂದು ಭಾನುವಾರ ಮುನಿತಾಯಮ್ಮನ ಮನೆಗೆ ಹೋದೆವು.

ಮುನಿತಾಯಮ್ಮ ಬಡಾವಣೆಗೆ ಅಂಟಿಕೊಂಡಿರುವ ಹಳೇ ಊರಿನವರು. ಬಡಾವಣೆಯ ಅರ್ಧ ಭಾಗ ಅವರ ಮಾವನ ಕಾಲದಲ್ಲಿ ರಾಗಿ ಹೊಲವಾಗಿತ್ತು. ಹೊಲ ಹೋಗಿ ಸೈಟುಗಳಾದ ಮೇಲೂ ಊರ ಅಂಚಿನಲ್ಲಿ ಒಂದು ತುಂಡು ಅವರ ಕೈಯಲ್ಲೇ ಉಳಿದಿತ್ತು: ಅವರ ಮನೆಯ ಹಳೇ ತಿಪ್ಪೆ. ದನಗಳು ಎಂದೋ ಹೋಗಿದ್ದವು. ಹಿರಿಯ ಮಗ ನಾಗರಾಜ ಅಲ್ಲಿ ಬಾಡಿಗೆ ಮನೆಗಳನ್ನು ಕಟ್ಟಬೇಕೆಂದು ಕಾದು ಕೂತಿದ್ದ. ಆಕೆ ಕೊಟ್ಟಿರಲಿಲ್ಲ. ದೀಪಾವಳಿಯಲ್ಲಿ ಮನೆಯೊಳಗೆ ಹಚ್ಚುವ ಮೊದಲು ಆ ಖಾಲಿ ತಿಪ್ಪೆಯ ಮೇಲೆ ಒಂದು ದೀಪ ಇಟ್ಟು ಬರುತ್ತಿದ್ದರು.

ರಾಯರು ಕಾಂಪೋಸ್ಟ್ ಬಗ್ಗೆ ಕಾಲು ಗಂಟೆ ವಿವರಿಸಿದರು. ಮುನಿತಾಯಮ್ಮ ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿದರು.

"ತಿಪ್ಪೆ ಮಾಡಕ್ಕೆ ಸಮಿತಿ ಬೇಕೇನ್ರಪ್ಪ? ನಮ್ಮತ್ತೆ ಒಬ್ಳೇ ಮಾಡ್ತಿದ್ಲು" ಎಂದು ನಕ್ಕರು. ಆಮೇಲೆ, "ಕೊಡ್ತೀನಿ ಸಾಮಿ. ದುಡ್ಡು ಗಿಡ್ಡು ಬ್ಯಾಡ. ಆದ್ರೆ ನನ್ನೂ ಸೇರಿಸ್ಕೋಬೇಕು" ಅಂದರು.

"ಖಂಡಿತ, ನಿಮ್ಮ ಸಹಕಾರ ಇಲ್ದೆ..." ಎಂದು ರಾಯರು ಶುರು ಮಾಡಿದರು.

"ಸಹಕಾರ ಅಲ್ಲ. ಮೀಟಿಂಗಿಗೆ. ಕುರ್ಚಿ ಮೇಲೆ." ಆಕೆ ಸೆರಗು ಸರಿಮಾಡಿಕೊಂಡರು. "ನಿಮ್ ಲೇಔಟಿಗೆ ಹೋಗಿದ್ದೆಲ್ಲ ನಮ್ ಹೊಲನೇಯ. ಒಂದಿನಾನೂ ಯಾರೂ ಒಳೀಕ್ ಬಾ ಅನ್ನಲಿಲ್ಲ. ಹಾಲು ತಂದ್ರೂ ಗೇಟ್ ತಾವ, ಸೊಪ್ಪು ತಂದ್ರೂ ಗೇಟ್ ತಾವ."

ಹೀಗೆ ಮುನಿತಾಯಮ್ಮ ಸಮಿತಿಯ ಸದಸ್ಯೆಯಾದರು. ಮೊದಲ ಸಭೆಗೆ ರೇಷ್ಮೆ ಸೀರೆ ಉಟ್ಟು, ಮೂಗುಬೊಟ್ಟು ತೊಳೆದು ಹೊಳಪು ಮಾಡಿಕೊಂಡು ಬಂದರು. ಕಸದ ಸಭೆಗೆ ರೇಷ್ಮೆ ಸೀರೆ ಉಟ್ಟವರು ಆಕೆಯೊಬ್ಬರೇ. ಬೆತ್ತದ ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಏಳಿಸಿಬಿಡುತ್ತಾರೆ ಎಂಬಂತೆ ಕೂತರು. ಮೂರನೆಯ ಸಭೆಯ ಹೊತ್ತಿಗೆ ಬೆನ್ನು ಒರಗಿಸಿ ಕೂರುವುದನ್ನು ಕಲಿತಿದ್ದರು. ಐದನೆಯದಕ್ಕೆ ಬೇರೆಯವರ ಮಾತನ್ನು ಅರ್ಧಕ್ಕೆ ತಡೆಯುವುದನ್ನೂ ಕಲಿತರು. ಆಕೆಯನ್ನು ಮಹಾ ಜ್ಞಾನಿ ಎಂದೇನೂ ಹೇಳಲಾರೆ. ಗೊಬ್ಬರದ ತೊಟ್ಟಿಗೆ ನೀರು ಜಾಸ್ತಿ ಸುರಿಸಿ ಎರಡು ಸಲ ಗಬ್ಬೆಬ್ಬಿಸಿದ್ದು ಆಕೆಯ ಹಟವೇ. "ನಮ್ ತಿಪ್ಪೆ ನಂಗ್ ಗೊತ್ತಿಲ್ವಾ" ಎಂಬುದು ಎಲ್ಲ ಪ್ರಶ್ನೆಗಳಿಗೂ ಆಕೆಯ ಉತ್ತರ. ನನ್ನನ್ನು 'ಬರ್ಯೋ ಹುಡ್ಗ' ಅನ್ನುತ್ತಿದ್ದರು. "ಏಯ್ ಬರ್ಯೋ ಹುಡ್ಗ, ನಾನು ಹೇಳಿದ್ದು ಬರ್ಕೊಂಡ್ಯಾ? ಓದು." ನಾನು ಓದಿದರೆ, ತಮ್ಮ ಮಾತು ಪುಸ್ತಕದ ಕನ್ನಡದಲ್ಲಿ ತಿರುಗಿ ಬರುವುದನ್ನು ಕಣ್ಣು ಅರೆಮುಚ್ಚಿ ಕೇಳುತ್ತಿದ್ದರು.

ಇಲ್ಲೊಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಆಕೆ ಸೇರುವ ಮೊದಲು ರಾಯರ ಮನೆಯ ಸಭೆಗಳಲ್ಲಿ ನಮಗೆ ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತಿತ್ತು. ಆಕೆ ಬಂದ ಮೇಲೆ ಬಿಳಿ ಪ್ಲಾಸ್ಟಿಕ್ ಕಪ್ಪುಗಳಲ್ಲಿ ಬರತೊಡಗಿತು. ಕಸ ಕಡಿಮೆ ಮಾಡುವ ಸಮಿತಿಯಿಂದ ಪ್ರತಿ ಸಭೆಗೂ ಒಂದು ಗೊಂಚಲು ಪ್ಲಾಸ್ಟಿಕ್ ಕಪ್ಪುಗಳು ಒಣ ಕಸದ ಚೀಲಕ್ಕೆ ಬೀಳುತ್ತಿದ್ದವು. ಪ್ರತಿ ಚೀಲ ತೂಗಿ ಬರೆಯುವವನು ನಾನೇ ಆದ್ದರಿಂದ ಅದು ನನ್ನ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ ರಾಯರ ಪಕ್ಕದ ಮನೆಯ ವಿಮಲಾ ಆಂಟಿ, "ಲೋಟ ತೊಳ್ಯೋರು ಯಾರಪ್ಪ? ಹೈಜೀನಿಕ್ ಅಲ್ವಾ ಇದು?" ಅಂದರು. ಮುನಿತಾಯಮ್ಮನಿಗೆ ಮಾತ್ರ ಆ ಕಪ್ಪುಗಳ ಬಗ್ಗೆ ಹೆಮ್ಮೆ. "ಎಲ್ಲಾರ್ಗೂ ಹೊಸಾದು, ನಂಗೂ ಹೊಸಾದು" ಎಂದು ಹಳೇ ಊರಿನಲ್ಲಿ ಹೇಳಿಕೊಂಡು ಬಂದಿದ್ದರು.

ತಿಪ್ಪೆಯ ಜಾಗದಲ್ಲಿ ಇಟ್ಟಿಗೆಯ ಎರಡು ತೊಟ್ಟಿಗಳೆದ್ದವು. ಒಂದು ತುಂಬಿ ಕಳಿಯುವಷ್ಟರಲ್ಲಿ ಇನ್ನೊಂದನ್ನು ತುಂಬಿಸುವುದು. ತಳ್ಳುಗಾಡಿಗೆ ಶರಣಮ್ಮ ಎಂಬ ಹೆಂಗಸನ್ನು ನೇಮಿಸಿದೆವು. ಲಿಂಗಸುಗೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಗಂಡ ಸಾರುವೆಯಿಂದ ಬಿದ್ದು ಮನೆಯಲ್ಲಿ ಕೂತ ಮೇಲೆ ಈ ಕೆಲಸಕ್ಕೆ ಒಪ್ಪಿಕೊಂಡವಳು. ಮುನಿತಾಯಮ್ಮನ ಹಿತ್ತಿಲಿನ ತಗಡಿನ ಕೋಣೆಯಲ್ಲೇ ಬಾಡಿಗೆಗಿದ್ದಳು. ಬೆಳಿಗ್ಗೆ ಸೀಟಿ ಊದಿಕೊಂಡು ಬರುತ್ತಿದ್ದಳು. ಮೊದಮೊದಲು ಜನ ಬಕೆಟ್ಟಿನಲ್ಲಿ ಹಾಲಿನ ಕವರು, ಬ್ಲೇಡು, ಮಗುವಿನ ಚಡ್ಡಿ ಎಲ್ಲ ಹಾಕುತ್ತಿದ್ದರು. "ಯಕ್ಕಾ, ಕವರ್ ಕೊಳಿಯಂಗಿಲ್ರೀ, ನಾ ಕೊಳೀತೀನಿ" ಎಂದು ನಗುನಗುತ್ತಲೇ ಬಕೆಟ್ಟನ್ನು ವಾಪಸು ಕೊಡುತ್ತಿದ್ದಳು. ಆರು ತಿಂಗಳಲ್ಲಿ ಮೂಲೆಯ ಸಿಮೆಂಟ್ ತೊಟ್ಟಿ ಬರಿದಾಯಿತು. ಅದನ್ನು ಒಡೆದು ತೆಗೆದ ದಿನ ರಾಯರು ಎಲ್ಲರಿಗೂ ಮೈಸೂರುಪಾಕು ಹಂಚಿದರು. ಮಲಗಲು ಜಾಗ ಹೋಯಿತಲ್ಲ ಎಂದು ನಾಯಿಗಳು ಮಾತ್ರ ಬೇಸರದಿಂದ ನಿಂತಿದ್ದವು. ಮೊದಲ ಗೊಬ್ಬರವನ್ನು ಜರಡಿ ಹಿಡಿದಾಗ ಬಂದ ವಾಸನೆಯೇ ನಾನು ಹೇಳುತ್ತಿದ್ದುದು. ಮುನಿತಾಯಮ್ಮ ಒಂದು ಹಿಡಿ ಎತ್ತಿ ಮೂಸಿ, ಪಕ್ಕದಲ್ಲಿ ನಿಂತಿದ್ದ ವಿಮಲಾ ಆಂಟಿಯ ಮೂಗಿಗೂ ಹಿಡಿದರು. ಆಂಟಿ ಹಿಂದೆ ಸರಿದರೂ ನಕ್ಕರು. ಆ ನಗು ನಿಜವಾಗಿತ್ತು. ನಾನು ಕಹಿಯಾಗಿ ಬರೆಯುತ್ತಿದ್ದೇನೆಂದು ಅದನ್ನು ಬಿಡುವುದು ಸರಿಯಲ್ಲ.

ಎರಡನೆಯ ವರ್ಷದ ಒಂದು ಶುಕ್ರವಾರ ವಿಮಲಾ ಆಂಟಿ ತುಳಸಿ ಕಟ್ಟೆಗೆ ನಮ್ಮ ಗೊಬ್ಬರ ಹಾಕಿ ಮಣ್ಣು ಕೆದಕುತ್ತಿದ್ದಾಗ ಕೈಗೆ ಏನೋ ಸಿಕ್ಕಿತು. ಉಂಗುರದಷ್ಟು ಸಣ್ಣದು, ತೂತಿದ್ದದ್ದು. ಕೋಳಿಯ ಕತ್ತಿನ ಮೂಳೆ. ಜರಡಿಯ ಕಣ್ಣಿನಿಂದ ಇಳಿದುಬಿಟ್ಟಿತ್ತು.

ಆ ಸಂಜೆಯ ಸಭೆಗೆ ಎಲ್ಲರೂ ಬಂದಿದ್ದರು. ಆಂಟಿ ಅತ್ತಿದ್ದರೆಂದು ಕಾಣುತ್ತದೆ. ಆಕೆಯ ಸಂಕಟ ಸುಳ್ಳೆಂದು ನಾನು ಹೇಳುವುದಿಲ್ಲ. ದಿನಾ ಪ್ರದಕ್ಷಿಣೆ ಹಾಕುವ ಜಾಗ ಅದು. ಆದರೆ ಅಲ್ಲಿಂದ ಮಾತು ಬೆಳೆದ ದಾರಿ ನೋಡಿ. ಎಲ್ಲರೂ ಮೂಳೆಯನ್ನು ಬೇರೆ ಕಟ್ಟಿಕೊಡಲಿ, ಅಥವಾ ಇನ್ನೂ ಸಣ್ಣ ಕಣ್ಣಿನ ಜರಡಿ ತರೋಣ ಎಂದು ಯಾರಿಗೂ ಹೊಳೆಯಲಿಲ್ಲ. ಬಿಸ್ಕತ್ತಿನ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಬರಲು ಶುರುವಾಗಿದ್ದ ಕಾಲ ಅದು. ಯಾರೋ ಅದನ್ನೇ ಹೇಳಿದರು: ಪೊಟ್ಟಣಕ್ಕೇ ಚುಕ್ಕೆ ಇದೆ, ಮನೆಗೆ ಯಾಕೆ ಬೇಡ? ಎರಡು ತೊಟ್ಟಿಗಳು ಹೇಗೂ ಇವೆ. ಒಂದು ಶುದ್ಧ ಮನೆಗಳಿಗೆ, ಇನ್ನೊಂದು ಉಳಿದವರಿಗೆ. ಗಾಡಿಯವಳಿಗೆ ಗೊತ್ತಾಗಲಿ ಅಂತ ಗೇಟಿನ ಕಂಬಕ್ಕೆ ಹಸಿರು, ಕೆಂಪು ಚುಕ್ಕೆ.

ರಾಯರು ಕನ್ನಡಕ ಒರೆಸಿಕೊಂಡರು. "ಯಾರೂ ಮಿಸ್ಟೇಕ್ ಮಾಡ್ಕೋಬಾರ್ದು. ಇದ್ರಲ್ಲಿ ಮೇಲು ಕೀಳು ಅಂತ ಏನಿಲ್ಲ. ಹಸಿ, ಒಣ ಅಂತ ಮಾಡಿದ್ವಿ, ಈಗ ಇದೊಂದು. ಸೈಂಟಿಫಿಕ್ಕಾಗಿ ನೋಡಿ."

ಮುನಿತಾಯಮ್ಮ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ನಂದು ಯಾವ್ದು ಸಾಮಿ?"

"ನಿಮ್ಮದು... ನಿಮಗೇ ಗೊತ್ತಲ್ಲ ಮುನಿತಾಯಮ್ಮನೋರೆ."

"ಗೊತ್ತು. ಜಾಗ ನಂದು ಅಂತಾನೂ ಗೊತ್ತು."

"ಅದಕ್ಕೇ ನಿಮ್ಮನ್ನ ಕೇಳ್ಕೊಂಡೇ ಮಾಡ್ತಿರೋದು" ಎಂದರು ರಾಯರು, ಬಹಳ ಮೃದುವಾಗಿ.

ಆಕೆ ಒಂದು ಸುತ್ತು ಎಲ್ಲರ ಮುಖವನ್ನೂ ನೋಡಿದರು. "ಆಯ್ತು ಬುಡಿ, ಮಾಡಿ" ಅಂದರು.

ನನಗೆ ಆಶ್ಚರ್ಯವಾಯಿತು. ಹಳೇ ಊರಿನವರೆಗೂ ಜೊತೆಯಲ್ಲಿ ನಡೆದು ಹೋಗುತ್ತ ಕೇಳಿದೆ: "ಯಾಕಮ್ಮ ಒಪ್ಕೊಂಡ್ರಿ? ನೀವು ಬೇಡ ಅಂದಿದ್ರೆ ಏನ್ ಮಾಡೋಕಾಗ್ತಿತ್ತು ಅವ್ರಿಗೆ?"

"ಬ್ಯಾಡ ಅಂದ್ರೆ ಏಳ್ಬೇಕಾಯ್ತದೆ ಕಣಪ್ಪ" ಅಂದರು. "ಕೂತು ಎಲ್ಡು ವರ್ಸಾನೂ ಆಗಿಲ್ಲ."

ಚುಕ್ಕೆ ಇಡುವ ಕೆಲಸ ಒಂದು ಶನಿವಾರ ನಡೆಯಿತು. ಬಣ್ಣದ ಡಬ್ಬಿ ಹಿಡಿದವರು ರಾಯರ ಅಳಿಯ, ಪಟ್ಟಿ ಹಿಡಿದವನು ನಾನು. ಪ್ರತಿ ಗೇಟಿನಲ್ಲೂ ಗಂಟೆ ಒತ್ತಿ, "ನಿಮ್ಮದು ಯಾವುದು?" ಎಂದು ಕೇಳುವುದು. ನನ್ನ ಪಟ್ಟಿ ಅಚ್ಚುಕಟ್ಟಾಗಿತ್ತು, ಎರಡು ಅಂಕಣ, ಕೆಳಗೆ ಮೊತ್ತ. ನಮ್ಮ ಮನೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. ನಾವು ಮಾಲೂರಿನ ಕಡೆಯವರು. ಭಾನುವಾರ ಅಪ್ಪ ಹಳೇ ಊರಿನ ಅಂಗಡಿಯಿಂದ ಮಾಂಸ ತರುವುದು ಬೀದಿಗೆಲ್ಲ ಗೊತ್ತಿದ್ದದ್ದೇ.

"ನಮ್ಮನೇಗೂ ಇಡ್ತೀಯೇನೋ?" ಎಂದರು ಅಮ್ಮ.

"ಸಮಿತಿ ತೀರ್ಮಾನ ಅಮ್ಮ."

"ಇಡು ಇಡು. ದೃಷ್ಟಿಬೊಟ್ಟು ಅಂದ್ಕೊಂಡಿರ್ತೀನಿ" ಎಂದು ಒಳಗೆ ಹೋದರು.

ಪಟ್ಟಿ ಮುಗಿದಾಗ ನನಗೆ ತಿಳಿದದ್ದೇನೆಂದರೆ ನಮ್ಮ ಬಡಾವಣೆ ಬಹುಮಟ್ಟಿಗೆ ಶುದ್ಧವಾದದ್ದು. ಹಳೇ ಊರಿನ ಮಟನ್ ಅಂಗಡಿಯ ಸಾಲಿನಲ್ಲಿ ನನ್ನಪ್ಪನ ಮುಂದೆ ನಿಲ್ಲುತ್ತಿದ್ದವರು, ಹಿಂದೆ ನಿಲ್ಲುತ್ತಿದ್ದವರು, ತಲೆಕಾಲು ಬೇಕೆಂದು ಮುಂಚೆಯೇ ಹೇಳಿಡುತ್ತಿದ್ದವರು, ಹಲವರು ಹಸಿರು ಬರೆಸಿದರು. ಒಬ್ಬರು ನನ್ನ ಭುಜ ತಟ್ಟಿ, "ನಾನೊಬ್ಬ ಯಾವಾಗ್ಲೋ ಹೊರಗೆ ತಿಂತೀನಿ ಅಷ್ಟೇ ಮಗಾ. ಮನೆ ಅಂದ್ರೆ ಹೆಂಗಸರು ಅಲ್ವಾ?" ಅಂದರು. ಸೋಮವಾರದಿಂದ ಶರಣಮ್ಮನ ಗಾಡಿಗೆ ಎರಡು ಡ್ರಮ್ಮು ಬಂದವು. ಹಸಿರು ತೊಟ್ಟಿಯ ಗೊಬ್ಬರಕ್ಕೆ ಜನ ಮುಂಚೆಯೇ ಹೆಸರು ಬರೆಸುತ್ತಿದ್ದರು. ಕೆಂಪು ತೊಟ್ಟಿಯದನ್ನು ಕೇಳುವವರೇ ಇರಲಿಲ್ಲ, ಕೆಂಪು ಚುಕ್ಕೆಯವರು ಕೂಡ. ಅದನ್ನು ಮುನಿತಾಯಮ್ಮ ತಮ್ಮ ನುಗ್ಗೆಮರಕ್ಕೆ ಹಾಕಿಸಿಕೊಂಡರು. ಸಭೆಗೆ ಬರುವುದನ್ನು ಬಿಡಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. 'ಓದು' ಎಂದು ನನಗೆ ಹೇಳುವುದನ್ನು ನಿಲ್ಲಿಸಿಬಿಟ್ಟರು. ಮನೆಯಲ್ಲಿ ನಾಗರಾಜ, "ನಮ್ ಜಾಗದಲ್ಲೇ ನಮ್ಗೆ ಕೆಂಪು ಬಳಿಸ್ಕೊಂಡು ಕೂತಿದೀಯಲ್ಲಮ್ಮ" ಎಂದು ದಿನಾ ಚುಚ್ಚುತ್ತಿದ್ದ. ಆಕೆ, "ಬಾಯ್ ಮುಚ್ಕೊಂಡಿರು. ನಾನು ಕಮಿಟಿಯೋಳು" ಅನ್ನುತ್ತಿದ್ದರಂತೆ.

ಹಸಿರು ತೊಟ್ಟಿಯಲ್ಲಿ ಮತ್ತೆ ಮೂಳೆ ಸಿಕ್ಕಿತು.

ಒಂದಲ್ಲ. ಕೋಳಿಯದು, ಕುರಿಯದು, ಒಮ್ಮೆ ಮೀನಿನ ಇಡೀ ಬೆನ್ನು. ರಾಯರು ತುರ್ತು ಸಭೆ ಕರೆದರು. ಶರಣಮ್ಮನನ್ನು ವರಾಂಡದ ಮೆಟ್ಟಿಲ ಕೆಳಗೆ ನಿಲ್ಲಿಸಿದರು.

"ಶರಣಮ್ಮ, ಡ್ರಮ್ಮು ಅದಲುಬದಲು ಮಾಡಿದೀಯಾ?"

"ಇಲ್ರೀ ಯಪ್ಪಾ. ಹಸಿರ್ ಡ್ರಮ್ಮಿಂದು ಹಸಿರ್ ತೊಟ್ಟಿಗೇ ಸುರುವೀನ್ರೀ."

"ಮತ್ತೆ ಮೂಳೆ ನಡ್ಕೊಂಡು ಬಂತಾ?"

"ಬಕೀಟ್ನ್ಯಾಗ ಬರ್ತಾವ್ರೀ. ಪೇಪರ್ ಸುತ್ತಿ, ಮ್ಯಾಲ ಬಾಳಿಹಣ್ಣಿನ ಸಿಪ್ಪಿ ಹಾಕಿರ್ತಾರ್ರೀ."

ವರಾಂಡದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ವಿಮಲಾ ಆಂಟಿ ಎದ್ದು ನಿಂತು, "ಅಂದ್ರೆ ನಾವೆಲ್ಲ ತಿಂತೀವಿ ಅಂತ ಹೇಳ್ತಿದಾಳಾ ಇವ್ಳು?" ಅಂದರು.

"ತಿಂತೀರಿ ಅಂತ ಎಲ್ಲಂದ್ಲು ತಾಯಿ? ಬಕೀಟಲ್ಲಿ ಬತ್ತದೆ ಅಂದ್ಲು ಅಷ್ಟೇಯ" ಎಂದರು ಮುನಿತಾಯಮ್ಮ. ಬಹಳ ದಿನಗಳ ಮೇಲೆ ಆಕೆ ಬಾಯಿ ಬಿಟ್ಟಿದ್ದರು. "ಅಂಗೆ ತಿಂದ್ರೂ ತಪ್ಪೇನೈತೆ? ನಾನೂ ತಿಂತೀನಿ. ಕಂಬಕ್ಕೆ ಕೆಂಪು ಬಳಿಸ್ಕೊಂಡು ನಿಮ್ ಪಕ್ಕ ಕೂತಿಲ್ವಾ? ಬಳಿಸ್ಕೊಳ್ಳಿ ನೀವೂನು. ಏನೂ ಆಗಕಿಲ್ಲ."

ರಾಯರು ನನ್ನ ಕಡೆ ತಿರುಗಿ, "ಇದನ್ನ ಬರ್ಕೋಬೇಡಪ್ಪ" ಅಂದರು.

ಆಮೇಲಿನದು ಬೇಗ ಮುಗಿಯಿತು. ಶರಣಮ್ಮನನ್ನು ಕೆಲಸದಿಂದ ಬಿಡಿಸುವುದು. ಹಸಿರು ತೊಟ್ಟಿಯನ್ನು ಪಾರ್ಕಿನೊಳಗೆ, ಬೀಗ ಹಾಕುವ ಗೇಟಿನ ಹಿಂದೆ, ಹೊಸದಾಗಿ ಕಟ್ಟುವುದು. ಹಳೇ ಜಾಗವನ್ನು 'ಇತರೆ ತ್ಯಾಜ್ಯಕ್ಕೆ' ಉಳಿಸಿಕೊಳ್ಳುವುದು. ಕೈ ಎತ್ತಿ ಎಂದರು; ಎಲ್ಲರೂ ಎತ್ತಿದರು. ತಮ್ಮ ಹೊಲದ ಮೇಲೆ ಕಟ್ಟಿದ ಮನೆಯ ವರಾಂಡದಲ್ಲಿ ಮುನಿತಾಯಮ್ಮ ಎದ್ದರು. ಖಾಲಿ ಕಪ್ಪನ್ನು ಎಲ್ಲಿಡಬೇಕೆಂದು ಸುತ್ತ ನೋಡಿದರು. ಕೊನೆಗೆ ಅದನ್ನು ತಾವು ಕೂತಿದ್ದ ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು, ಶರಣಮ್ಮನ ತೋಳು ಹಿಡಿದುಕೊಂಡು ಹೋದರು.

ನಾನೂ ಮತ್ತೆ ಸಭೆಗೆ ಹೋಗಲಿಲ್ಲ. ಇದನ್ನು ಪ್ರತಿಭಟನೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಪರೀಕ್ಷೆಯೂ ಹತ್ತಿರ ಬಂದಿತ್ತು. ಪಾರ್ಕಿನ ತೊಟ್ಟಿಯನ್ನು ತಿರುವಿ ಹಾಕುವವರಿಲ್ಲದೆ ಅದು ಎರಡು ಮಳೆಗಾಲದಲ್ಲಿ ನಾರಿ, ಇಲಿಗಳ ಮನೆಯಾಗಿ, ಕೊನೆಗೆ ಅದರ ಮೇಲೆ ಸಿಮೆಂಟು ಹಾಕಿ ಕೂರುವ ಕಟ್ಟೆ ಮಾಡಿದರು. ಸಂಜೆ ಅಲ್ಲಿ ಹಿರಿಯರು ಕೂತು ಊರು ಎಷ್ಟು ಕೊಳಕಾಗಿದೆ ಎಂದು ಮಾತಾಡುತ್ತಾರೆ. ಶರಣಮ್ಮ ಗಂಡನನ್ನು ಕರೆದುಕೊಂಡು ಎಲ್ಲೋ ಹೊಸಕೋಟೆಯ ಕಡೆ ಹೋದಳೆಂದು ಕೇಳಿದೆ. ಆ ವರ್ಷದ ದೀಪಾವಳಿಯಲ್ಲಿ ಮುನಿತಾಯಮ್ಮ ಕೆಂಪು ತೊಟ್ಟಿಯ ಅಂಚಿನ ಮೇಲೆ ದೀಪ ಇಟ್ಟದ್ದನ್ನು ನಾನೇ ನೋಡಿದೆ. ಯುಗಾದಿಯ ಹೊತ್ತಿಗೆ ಅಲ್ಲಿ ನಾಗರಾಜನ ಇಟ್ಟಿಗೆ ಲಾರಿ ನಿಂತಿತ್ತು. ತೊಟ್ಟಿಗಳ ಹಳೇ ಇಟ್ಟಿಗೆಯನ್ನೂ ಅವನು ಬಿಡಲಿಲ್ಲ, ತಳಪಾಯಕ್ಕೆ ತುಂಬಿದ.

ಈಗ ಅಲ್ಲಿ ಮೂರು ಅಂತಸ್ತಿನ ಕಟ್ಟಡ. ಅಲ್ಲೇ ಕೆಳಗೆ ಇರುವ ಮುನಿತಾಯಮ್ಮನಿಗೆ ಗೇಟಿನಾಚೆಯಿಂದ ಕೈ ಮುಗಿದು ಮುಂದೆ ಹೋಗುವುದನ್ನು ಬಿಟ್ಟರೆ ನಾನು ಇಷ್ಟು ವರ್ಷ ಒಳಗೆ ಹೋದವನಲ್ಲ. ಆದರೆ ಆ ಭಾನುವಾರ ಹನುಮಂತನಿಗೆ ಮನೆ ತೋರಿಸಿದವರೆಲ್ಲ ಮೊದಲು ಅವನ ಹೆಸರು, ಆಮೇಲೆ ಊರು, ಆಮೇಲೆ ಊಟ ಕೇಳಿದ್ದರು. ಮೂರನೆಯ ಗೇಟಿನಿಂದ ಹೊರಬಂದಾಗ ನನಗೆ ಹುರುಪು ಬಂತು. "ಬಾ ಗುರು, ಇಂಥ ಪ್ರಶ್ನೆ ಕೇಳದ ಒಂದು ಮನೆ ಇದೆ" ಎಂದು ನೇರವಾಗಿ ಅಲ್ಲಿಗೇ ಕರೆದುಕೊಂಡು ಹೋದೆ.

ಮುನಿತಾಯಮ್ಮ ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹಲ್ಲು ಹೋಗಿವೆ, ಕಿವಿ ನೆಟ್ಟಗಿದೆ. "ಬರ್ಯೋ ಹುಡ್ಗ" ಎಂದು ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಎರಡನೆಯ ಮಹಡಿಯಲ್ಲಿ ಒಂದು ಮನೆ ಖಾಲಿ ಇತ್ತು. ನಾನು ಹನುಮಂತನನ್ನು, ಊರಲ್ಲಿರುವ ಅವನ ಅವ್ವನನ್ನು, ಅವನ ಒಳ್ಳೆಯತನವನ್ನು ಎಲ್ಲ ವರ್ಣಿಸಿದೆ. ಆಕೆ ತಲೆದೂಗುತ್ತ ಕೇಳಿ, ಅವನ ಕಡೆ ತಿರುಗಿದರು.

"ಏನ್ ತಿಂತೀಯಪ್ಪ?"

"ಎಲ್ಲಾ ತಿಂತೀನ್ರೀ ಅಮ್ಮಾ" ಎಂದ ಹನುಮಂತ ಸಂತೋಷದಿಂದ.

"ಆಗಕಿಲ್ಲ ಕಣಪ್ಪ" ಎಂದರು. ನನ್ನ ಕೈಯನ್ನು ಇನ್ನೂ ಹಿಡಿದೇ ಇದ್ದರು. "ತಿನ್ನೋರ್ಗೆ ಕೊಡಾದಿಲ್ಲ. ಮೇಲಿರೋರೆಲ್ಲ ಒಳ್ಳೇ ಜನ. ನಿಮ್ ರಾಯರು ಹೇಳಿದ್ದೇ ಸರಿ, ಬ್ಯಾರೆ ಬ್ಯಾರೆ ಇಟ್ರೆ ಗಲಾಟೆ ಇರಾದಿಲ್ಲ."

ಆಕೆ ನನ್ನ ಮುಖ ನೋಡಿ ಎದ್ದರು. "ಉಣ್ಣದೆ ಹೋಗ್ಬ್ಯಾಡಿ. ಬನ್ನಿ ಹಿಂದ್ಗಡೆಯಿಂದ."

ಕಟ್ಟಡದ ಹಿಂದೆ, ನೀರಿನ ತೊಟ್ಟಿಗೂ ಗೋಡೆಗೂ ನಡುವೆ ಅವರ ಅಡುಗೆಮನೆ. ಒಳಗೆ ಹೋದೊಡನೆ ಬಾಗಿಲು ಹಾಕಿದರು, ಕಿಟಕಿಯನ್ನೂ ಮುಚ್ಚಿ ಕೆಳಗಿನ ಸಂದಿಗೆ ಗೋಣಿಚೀಲ ಒತ್ತಿದರು. "ವಾಸ್ನೆ ಮೇಲೀಕ್ ಹೋಯ್ತದೆ" ಎಂದು ಪಿಸುಗುಟ್ಟಿದರು. ಸ್ಟೀಲ್ ತಟ್ಟೆಗಳಲ್ಲಿ ಮುದ್ದೆ, ಮಟನ್ ಸಾರು ಬಡಿಸಿದರು. ಹನುಮಂತನಿಗೆ ಬಡಿಸುವಾಗ ನಲ್ಲಿಮೂಳೆ ಹುಡುಕಿ ಹುಡುಕಿ ಹಾಕಿದರು. "ಉಣ್ಣಪ್ಪ, ಸಂಕೋಚ ಮಾಡ್ಬ್ಯಾಡ. ನಿಮ್ಮವ್ವ ಬರಗಂಟ ಭಾನ್ವಾರ ಭಾನ್ವಾರ ಇಲ್ಲೇ ಬಂದು ಉಣ್ಣು." ಸೆಕೆಗೆ ಮೂವರೂ ಬೆವರುತ್ತಿದ್ದೆವು. ಮೇಲೆ ಯಾರೋ ನಡೆದಾಡಿದರೆ ಆಕೆ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಹೆಜ್ಜೆ ದೂರವಾದ ಮೇಲೆ ಮತ್ತೆ ಬಡಿಸುತ್ತಿದ್ದರು.

ಕೈ ತೊಳೆದು ಬರುವಷ್ಟರಲ್ಲಿ ಆಕೆ ತಟ್ಟೆಯ ಮೂಳೆಗಳನ್ನೆಲ್ಲ ಒಂದು ಕಪ್ಪು ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿನಲ್ಲಿಟ್ಟು ಗಂಟು ಬಿಗಿದಿದ್ದರು. ನನ್ನ ಕೈಗೆ ಕೊಟ್ಟರು.

"ನಾಗ ದಿನಾ ಗಾಡೀಲಿ ತಗೊಂಡೋಗ್ತಾನೆ. ಇವತ್ತು ಅವ್ನಿಲ್ಲ. ಹೋಗ್ತಾ ಎಲ್ಲಾನ ಎಸ್ದುಬುಡಪ್ಪ. ಲೇಔಟ್ನಲ್ಲಿ ಮಾತ್ರ ಬ್ಯಾಡ."

ಕವರು ಇನ್ನೂ ಬೆಚ್ಚಗಿತ್ತು. ಅದನ್ನು ಸ್ಕೂಟರಿನ ಕೊಕ್ಕೆಗೆ ತೂಗುಹಾಕಿಕೊಂಡು ರಿಂಗ್ ರೋಡಿಗೆ ಬಂದೆ. ಹನುಮಂತ ಹೊಟ್ಟೆ ತುಂಬಿದ ದನಿಯಲ್ಲಿ, "ಅಮ್ಮಾ ಛಲೋ ಅದಾರ್ರೀ ಅಣ್ಣಾ" ಅಂದ. ಸೇತುವೆಗೆ ಮೊದಲು, ರಸ್ತೆಯ ಪಕ್ಕದ ತಗ್ಗಿನಲ್ಲಿ, ಬೇರೆಬೇರೆ ಬಡಾವಣೆಗಳವರು ಗಾಡಿ ನಿಲ್ಲಿಸದೆಯೇ ಎಸೆದು ಹೋಗುವ ಒಂದು ರಾಶಿ ಇದೆ. ನಾನು ಗಾಡಿ ನಿಲ್ಲಿಸಿದೆ. ಎಲ್ಲ ಕಪ್ಪು ಕವರುಗಳೇ, ಎಲ್ಲದಕ್ಕೂ ಬಿಗಿಯಾದ ಗಂಟು. ನನ್ನದನ್ನೂ ಎಸೆದೆ. ಅದು ಉರುಳಿ ಉಳಿದವುಗಳ ನಡುವೆ ನಿಂತಿತು. ಮರುಕ್ಷಣ ನೋಡಿದರೆ ಯಾವುದು ನಮ್ಮದೆಂದು ನನಗೇ ಗೊತ್ತಾಗಲಿಲ್ಲ.